ಕತ್ತಿಯ ಹದ, ಕಮ್ಮಾರನ ಕಣ್ಣು

ಬಿಟಿಎಂ ಲೇಔಟಿನ ಯಾವ ತಿರುವಿನಲ್ಲಿ ನಿಂತರೂ ಒಂದು ಎಳನೀರಿನ ಗಾಡಿ ಕಾಣುತ್ತದೆ, ಗಾಡಿಯ ಮೇಲೆ ಒಂದು ಮಚ್ಚು. ಸಾರಕ್ಕಿ ಮಾರುಕಟ್ಟೆಯಲ್ಲಿ ಸಿಹಿಗುಂಬಳ ಸೀಳಲು ಉದ್ದನೆಯ ಕತ್ತಿ. ಹಲಸಿನ ಕಾಲ ಬಂದರೆ ಎಣ್ಣೆ ಸವರಿಕೊಂಡ ಅಗಲ ಕತ್ತಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಾಳೆಎಲೆ ಮಾರುವವರ ಕೈಯಲ್ಲಿ ಚಿಕ್ಕ ಕುಡ್ಲು. ಮುಹೂರ್ತದ ಹಿಂದಿನ ರಾತ್ರಿ ಬನಶಂಕರಿಯ ಕಲ್ಯಾಣ ಮಂಟಪಗಳ ಹಿಂಭಾಗಕ್ಕೆ ಹೋದರೆ ಅಡುಗೆಯವರು ಈಳಿಗೆ ಮಣೆಗಳ ಮೇಲೆ ಸಾಲಾಗಿ ಕೂತು ಹುರುಳಿಕಾಯಿ ಹೆಚ್ಚುತ್ತಿರುತ್ತಾರೆ. ಜೆ.ಪಿ. ನಗರದಲ್ಲಿ ನನಗೆ ಗೊತ್ತಿರುವ ಕೊಡವರ ಮನೆಯೊಂದರ ಗೋಡೆಯ ಮೇಲೆ ಒಡಿಕತ್ತಿಯೊಂದು ತಲೆಮಾರುಗಳಿಂದ ಪೂಜೆ ಪಡೆಯುತ್ತಿದೆ. ನಾಲ್ಕೈದು ಮೈಲಿ ಅಳತೆಯ ಈ ದಕ್ಷಿಣ ಬೆಂಗಳೂರಿನೊಳಗೆ ಕರ್ನಾಟಕದ ಅರ್ಧಕ್ಕರ್ಧ ಬಗೆಯ ಕತ್ತಿಗಳು ಇವೆ ಅಂದರೆ ತಪ್ಪಾಗಲಾರದು.

ನಾನು ಮಾಗಡಿ ಸೀಮೆಯ ಕಮ್ಮಾರರ ಮನೆಯಲ್ಲಿ ಹುಟ್ಟಿದವನು. ಬೆಂಗಳೂರಿಗೆ ಬಂದು ಕಾರ್ಖಾನೆಯೊಂದರ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ದುಡಿದು, ನಿವೃತ್ತನಾಗಿ, ಬನಶಂಕರಿ ಎರಡನೇ ಹಂತದಲ್ಲಿ ವಾಸವಾಗಿದ್ದೇನೆ. ಅಪ್ಪ ಕುಲುಮೆಯ ಮುಂದೆ ಕೂತು ಕಣ್ಣಿನಿಂದ ಅಳೆಯುತ್ತಿದ್ದ ಕಾವನ್ನು ನಾನು ಕಾರ್ಖಾನೆಯಲ್ಲಿ ಪೈರೋಮೀಟರಿನಿಂದ ಅಳೆದೆ. ವಿದ್ಯೆ ಒಂದೇ. ಆ ವಿದ್ಯೆಯನ್ನು ನನ್ನ ಊರಿನ ಜನ, ಕೊಡಗಿನ ಜನ, ಸಮುದ್ರದಾಚೆ ಫಿಲಿಪ್ಪೀನ್ಸಿನ ಜನ ಹೇಗೆ ಕಾಪಾಡಿಕೊಂಡು ಬಂದರು, ಅದು ಉಳಿಯಬೇಕಾದರೆ ನಾವು ಮಾಡಬೇಕಾದದ್ದೇನು ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಕೆಲಸ ನೋಡಿ ಅಲಗು

ಕೈಯಲ್ಲಿ ಮಾಡಿದ ಕತ್ತಿಗೂ ಕಾರ್ಖಾನೆಯ ಚಾಕುವಿಗೂ ಮೊದಲ ವ್ಯತ್ಯಾಸ ಕಾಣುವುದು ಆಕಾರದಲ್ಲಿ. ಒಂದು ಚಾಕು ಎಲ್ಲ ಕೆಲಸಕ್ಕೂ ಆಗಲಿ ಎಂದು ಕಾರ್ಖಾನೆ ಬಯಸುತ್ತದೆ. ಕಮ್ಮಾರ ಮಾತ್ರ ಮೊದಲು ಕೇಳುವುದು, "ಏನು ಕುಯ್ಯಕ್ಕೆ?" ಎಂದು. ರಾಗಿ ಕೊಯ್ಯುವ ಕುಡುಗೋಲಿಗೆ ಒಂದು ಬಾಗು, ಹುಲ್ಲು ಕೊಯ್ಯುವುದಕ್ಕೆ ಇನ್ನೊಂದು. ಅಲಗಿಗೆ ಕಕ್ಕು ಹಾಕಬೇಕೋ ಬೇಡವೋ ಅನ್ನುವುದೂ ಬೆಳೆಯ ಮೇಲೆ ಹೋಗುತ್ತದೆ.

ಈಳಿಗೆ ಮಣೆಯನ್ನೇ ನೋಡಿ. ಇಲ್ಲಿ ಕತ್ತಿ ಅಲುಗುವುದಿಲ್ಲ, ತರಕಾರಿಯೇ ಕತ್ತಿಯ ಬಳಿಗೆ ಬರುತ್ತದೆ. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು ಕೂತರೆ ಎರಡು ಕೈಗಳೂ ಬಿಡುವು. ಅಲಗಿನ ಬಾಯಿ ಕೂತವರ ಕಡೆಗೆ ಮುಖ ಮಾಡಿ ಒಳಕ್ಕೆ ಬಾಗಿರುತ್ತದೆ. ಒತ್ತಿದ ಬದನೆಕಾಯಿ ಜಾರದಂತೆ ಆ ಬಾಗೇ ತಡೆಯುತ್ತದೆ. ಹೋಳು ನೇರವಾಗಿ ಕೆಳಗಿಟ್ಟ ನೀರಿನ ಪಾತ್ರೆಗೆ ಬೀಳುವುದರಿಂದ ಕಪ್ಪಾಗುವುದಿಲ್ಲ. ತುದಿಯಲ್ಲಿ ಹಲ್ಲಿನ ಬಿಲ್ಲೆ ಇದ್ದರೆ ಅದೇ ತುರಿಮಣೆಯೂ ಆಯಿತು. ಒಂದು ಕೈ ಉರುಳಿಸುವುದು, ಇನ್ನೊಂದು ಕೈ ಒತ್ತುವುದು ಹೀಗೆ ದೊಡ್ಡ ಸೋರೆಕಾಯಿಯನ್ನೂ ಸಲೀಸಾಗಿ ಹೆಚ್ಚಬಹುದು. ಬಂಗಾಳದಲ್ಲೂ ಇಂಥದೇ ಸಾಧನವಿದೆ, ಅಲ್ಲಿ ಅದರಿಂದಲೇ ಮೀನನ್ನೂ ಕೊಯ್ಯುತ್ತಾರೆ.

ಮಲೆನಾಡಿನಲ್ಲಿ ಇದರ ನೆಂಟ ಮೆಟ್ಟುಗತ್ತಿ. ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆ ಅಡಿಕೆ ಸುಗ್ಗಿಯಲ್ಲಿ ಹಸಿ ಅಡಿಕೆ ಸುಲಿಯುವುದು ಅದರ ಮೇಲೆಯೇ. ಕಾಯಿಯನ್ನು ಅಲಗಿಗೆ ಒತ್ತಿ, ಸಿಪ್ಪೆಯನ್ನು ಸೀಳಿ ತಿರುವಿದರೆ ಒಳಗಿನ ಅಡಿಕೆ ಗಾಯವಾಗದೆ ಈಚೆ ಬರಬೇಕು. ಅಲಗು ಮೊಂಡಾದರೆ ಸಿಪ್ಪೆ ಬಿಡುವುದಿಲ್ಲ, ತೀರ ಹರಿತವಾದರೆ ಅಡಿಕೆಗೇ ಕಚ್ಚುತ್ತದೆ. ಈ ನಡುವಿನ ಹದವನ್ನು ಮಲೆನಾಡಿನ ಆಚಾರಿಗಳು ಅಡಿಕೆ ಸುಲಿಯುವ ಹೆಂಗಸರ ಮಾತು ಕೇಳಿ ಕೇಳಿಯೇ ಕಲಿತರು. ಈಗ ಸುಲಿಯುವ ಯಂತ್ರಗಳು ಬಂದಿವೆ. ಮೆಟ್ಟುಗತ್ತಿ ಅಟ್ಟ ಸೇರುತ್ತಿದೆ.

ಇನ್ನು ಎಳನೀರಿನ ಮಚ್ಚು. ಇದಕ್ಕೆ ಬೇಕಾದದ್ದು ತುದಿಯ ಕಡೆ ತೂಕ. ಹಿಡಿಯ ಬಳಿ ತೆಳ್ಳಗೆ, ಮುಂದಕ್ಕೆ ಹೋದಂತೆ ಅಗಲ. ಎತ್ತಿ ಬಿಟ್ಟರೆ ಸಾಕು, ಏಟನ್ನು ತೂಕವೇ ಹಾಕುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ನೂರಾರು ಕಾಯಿ ಕೆತ್ತುವವರಿಗೆ ಮಣಿಕಟ್ಟು ಉಳಿಯುವುದು ಈ ತೂಕದ ಲೆಕ್ಕದಿಂದ. ನಮ್ಮ ಬಡಾವಣೆಯ ಎಳನೀರಿನವರನ್ನು ಮಚ್ಚು ಎಲ್ಲಿಯದು ಎಂದು ಕೇಳಿದೆ. "ಊರಿಂದು ಸಾರ್. ಮದ್ದೂರು ಕಡೆ ಆಚಾರ್ರು ಮಾಡಿಕೊಟ್ಟಿದ್ದು. ಇಲ್ಲಿ ಅಂಗಡೀಲಿ ಸಿಗೋದು ನಾಕು ದಿನಕ್ಕೆ ಬಾಯಿ ಮಡಚ್ಕಳುತ್ತೆ," ಅಂದರು. ಅಲಗಿನ ಬಾಯಿ ಮಡಚಿಕೊಳ್ಳುವುದು ಏಕೆ ಎಂದು ತಿಳಿಯಬೇಕಾದರೆ ಕುಲುಮೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಲಾರಿ ಪಟ್ಟಿಯಿಂದ ಮಚ್ಚಿನವರೆಗೆ

ಇವತ್ತು ಕರ್ನಾಟಕದ ಕುಲುಮೆಗಳಲ್ಲಿ ತಯಾರಾಗುವ ಒಳ್ಳೆಯ ಕತ್ತಿಗಳಲ್ಲಿ ಬಹುಪಾಲು ಹುಟ್ಟುವುದು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತಿನ ಗುಜರಿಗಳಲ್ಲಿ ಇದು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಇದನ್ನೇ ಆರಿಸಲು ಕಾರಣವಿದೆ. ಉಕ್ಕು ಅಂದರೆ ಕಬ್ಬಿಣಕ್ಕೆ ಇಂಗಾಲ ಸೇರಿದ್ದು. ಕಿಟಕಿ ಸರಳು, ಗೇಟುಗಳಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ. ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅದು ಗಟ್ಟಿಯಾಗುವುದಿಲ್ಲ. ಲಾರಿ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ 0.5ರಿಂದ 0.6. ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ. ಹೊರೆ ಹೊತ್ತು ಬಾಗಿ ಮತ್ತೆ ನೇರವಾಗಲು ಎಂದೇ ತಯಾರಾದ ಉಕ್ಕು ಅದು. ಕತ್ತಿಗೆ ಬೇಕಾದದ್ದೂ ಅದೇ ಗುಣ.

ಪಟ್ಟಿಯನ್ನು ಇದ್ದಿಲಿನ ಬೆಂಕಿಯಲ್ಲಿ ಕಿತ್ತಳೆ ಬಣ್ಣಕ್ಕೆ ಕಾಯಿಸಿ, ಉಳಿಯಿಟ್ಟು ಬೇಕಾದಷ್ಟು ತುಂಡು ಮಾಡುತ್ತಾರೆ. ಮೊದಲೆಲ್ಲ ತೊಗಲಿನ ತಿದಿ ಒತ್ತುತ್ತಿದ್ದರು, ಈಗ ಕೈಯಲ್ಲಿ ತಿರುವುವ ಅಥವಾ ಕರೆಂಟಿನ ಪಂಕ ಬಂದಿದೆ. ಕುಲುಮೆಯ ಯಜಮಾನ ಎಡಗೈಯಲ್ಲಿ ಇಕ್ಕಳ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಏಟು ಬೀಳಬೇಕಾದ ಜಾಗ ತೋರಿಸುತ್ತಾನೆ. ಎದುರು ನಿಂತವರು ಅದೇ ಜಾಗಕ್ಕೆ ಸಮ್ಮಟಿಗೆ ಇಳಿಸುತ್ತಾರೆ. ನಮ್ಮ ಕುಲುಮೆಯಲ್ಲಿ ಆ ಸಮ್ಮಟಿಗೆ ಅಮ್ಮನ ಕೈಯಲ್ಲಿತ್ತು. ಅಪ್ಪ ತೋರಿಸಿದ ಜಾಗದಿಂದ ಅದು ಒಂದು ಬೆರಳಿನಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಊರಿನ ಎಷ್ಟೋ ಕುಲುಮೆಗಳಲ್ಲಿ ಹೀಗೆಯೇ ಹೆಂಗಸರು ದುಡಿದಿದ್ದಾರೆ. ಕತ್ತಿಯ ಕೀರ್ತಿಯಲ್ಲಿ ಅವರ ಪಾಲು ಅರ್ಧ. ಆ ಮಾತನ್ನು ಯಾರೂ ಬರೆದಿಟ್ಟಿಲ್ಲ, ನಾನಾದರೂ ಬರೆಯುತ್ತೇನೆ.

ಬೆನ್ನು ದಪ್ಪ, ಬಾಯಿ ತೆಳು ಆಗುವಂತೆ ಬಡಿದು, ಕೆಂಪು ಮಾಸಿದ ಕೂಡಲೇ ನಿಲ್ಲಿಸಬೇಕು. ಆರಿದ ಉಕ್ಕನ್ನು ಬಡಿದರೆ ಒಳಗೆ ಬಿರುಕು ಬಿಡುತ್ತದೆ. ಆಕಾರ ಬಂದ ಮೇಲೆ ಅರದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಬರುವುದೇ ಹದ ಹಾಕುವ ಘಳಿಗೆ.

ಅಲಗನ್ನು ಮತ್ತೆ ಬೆಂಕಿಗಿಟ್ಟು ಚೆರ್ರಿ ಹಣ್ಣಿನ ಕೆಂಪಿಗೆ ತರುತ್ತಾರೆ. ಉಕ್ಕು 727 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಒಳಗಿನ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗತೊಡಗುತ್ತದೆ. ಆ ಹೊಸ ಜೋಡಣೆಯ ಸಂದುಗಳಲ್ಲಿ ಇಂಗಾಲ ಕರಗಿ ಸೇರಿಕೊಳ್ಳುತ್ತದೆ. ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಉಕ್ಕು ಅಂಟುವುದೂ ನಿಲ್ಲುತ್ತದೆ. ಈ ಗುಟ್ಟು ತಿಳಿದ ಹೊಸ ಕಾಲದ ಹುಡುಗರು ಪಕ್ಕದಲ್ಲಿ ಅಯಸ್ಕಾಂತ ಇಟ್ಟುಕೊಳ್ಳುತ್ತಾರೆ. ಅಪ್ಪನಿಗೆ ಅದರ ಅಗತ್ಯವಿರಲಿಲ್ಲ. ಅವರು ಕುಲುಮೆಯನ್ನು ನೆರಳಿನಲ್ಲಿ, ಸೂರು ತಗ್ಗಿಸಿ ಕಟ್ಟಿಸಿದ್ದರು. ಬಿಸಿಲಿನಲ್ಲಿ ಕೆಂಪಿನ ಬಣ್ಣ ಸುಳ್ಳು ಹೇಳುತ್ತದೆ ಎಂದು.

ಸರಿಯಾದ ಕೆಂಪು ಬಂದ ಕೂಡಲೇ ಬಾಯಿಯ ಅಂಚನ್ನಷ್ಟೇ ನೀರಿಗೆ ಮುಟ್ಟಿಸುತ್ತಾರೆ, ಕೆಲವರು ಎಣ್ಣೆಗೆ. ದಿಢೀರನೆ ತಣಿದಾಗ ಇಂಗಾಲಕ್ಕೆ ಹೊರಬರಲು ಸಮಯವಿಲ್ಲ. ಒಳಗೇ ಸಿಕ್ಕಿಹಾಕಿಕೊಂಡು ಉಕ್ಕನ್ನು ಕಲ್ಲಿನಂತೆ ಬಿಗಿಗೊಳಿಸುತ್ತದೆ. ಆದರೆ ಹೀಗೆ ಬಿಗಿದ ಅಲಗು ಪೆಡಸು. ಒಂದು ಏಟಿಗೆ ಚಕ್ಕೆ ಹಾರೀತು. ಅದಕ್ಕೆಂದೇ ಬೆನ್ನಿನಲ್ಲಿ ಉಳಿದ ಕಾವನ್ನು ಬಾಯಿಯ ಕಡೆಗೆ ಹರಿಯಲು ಬಿಡುತ್ತಾರೆ. ಅಲಗನ್ನು ಕಲ್ಲಿಗೆ ಚಕಚಕನೆ ಉಜ್ಜಿ ಹೊಳಪು ತಂದರೆ, ಕಾವು ಹರಿಯುವುದು ಬಣ್ಣವಾಗಿ ಕಣ್ಣಿಗೆ ಕಾಣುತ್ತದೆ. ಮೊದಲು ಒಣಹುಲ್ಲಿನ ಹಳದಿ, ಅದು ಸುಮಾರು 230 ಡಿಗ್ರಿ. ಆಮೇಲೆ ಕಂದು, 260ರ ಆಸುಪಾಸು. ಆಮೇಲೆ ನೇರಳೆ, 280. ಕೊನೆಗೆ ನೀಲಿ, 300. ತರಕಾರಿ ಹೆಚ್ಚುವ ಕತ್ತಿಯನ್ನು ಹಳದಿಯಲ್ಲೇ ನಿಲ್ಲಿಸಿ ತಣ್ಣೀರಿಗೆ ಬಿಡಬೇಕು. ಏಟು ತಿನ್ನುವ ಮಚ್ಚಿಗೆ ಕಂದು ದಾಟಿ ನೇರಳೆಯ ಅಂಚಿನವರೆಗೆ ಹೋಗಬಹುದು. ಈ ಬಣ್ಣಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತವೆ. "ಬಣ್ಣ ಓಡಕ್ ಮುಂಚೆ ನಿನ್ ಕೈ ಓಡ್ಬೇಕು ಕಣೋ," ಎಂದು ಅಪ್ಪ ಹೇಳುತ್ತಿದ್ದರು. ಈ ಹದವಿಲ್ಲದೆ ಬರೀ ತಗಡು ಕತ್ತರಿಸಿ, ಗ್ರೈಂಡರಿನಲ್ಲಿ ಬಾಯಿ ತೆಗೆದು ಮಾರಿದ ಮಚ್ಚು ನಾಲ್ಕು ದಿನಕ್ಕೆ ಬಾಯಿ ಮಡಚದೆ ಇನ್ನೇನು ಮಾಡೀತು?

ಕೊನೆಗೆ ಹಿಡಿ. ಅಲಗಿನ ಚೂಪು ಬಾಲವನ್ನು ಕೆಂಪಗೆ ಕಾಯಿಸಿ ಮರದ ಹಿಡಿಯೊಳಕ್ಕೆ ಇಳಿಸುತ್ತಾರೆ. ಮರ ಸುಟ್ಟು ತನ್ನಷ್ಟಕ್ಕೆ ತಾನೇ ಜಾಗ ಮಾಡಿಕೊಡುತ್ತದೆ. ಹಿಡಿಯ ಬಾಯಿ ಸೀಳದಂತೆ ಕಬ್ಬಿಣದ ಅಣಸು ಹಾಕಿದರೆ ಕತ್ತಿ ಸಿದ್ಧ.

ಮಾಗಡಿಯ ಉಕ್ಕು, ಲಂಡನ್ನಿನ ಚಾಕು

ಲಾರಿ ಪಟ್ಟಿ ಬರುವ ಮೊದಲು ಉಕ್ಕು ಎಲ್ಲಿಂದ ಬರುತ್ತಿತ್ತು? ನಮ್ಮ ಊರಿನ ಹಳ್ಳಗಳಿಂದ. ಟಿಪ್ಪು 1799ರಲ್ಲಿ ಮಡಿದ ಮೇಲೆ ಈ ಸೀಮೆಯ ಸ್ಥಿತಿಗತಿ ತಿಳಿಯಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1800-01ರಲ್ಲಿ ಸುತ್ತಾಡಿ ಆತ ಬರೆದ ಪ್ರವಾಸ ವೃತ್ತಾಂತ 1807ರಲ್ಲಿ ಮೂರು ಸಂಪುಟಗಳಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಅದರಲ್ಲಿ ಮಾಗಡಿ ಸುತ್ತಿನ ಕಬ್ಬಿಣ, ಉಕ್ಕಿನ ಕುಲುಮೆಗಳ ವಿವರವಾದ ವರ್ಣನೆ ಇದೆ. ಮಳೆಗಾಲದಲ್ಲಿ ಹಳ್ಳಗಳು ತಂದು ಹಾಕುವ ಕಪ್ಪು ಮರಳನ್ನು ತೊಳೆದು, ಇದ್ದಿಲಿನ ಜೊತೆ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ತಂಗಡಿ ಗಿಡದ ಕಾಂಡದ ಚೂರುಗಳನ್ನೂ ಒಂದು ಬಗೆಯ ಬಳ್ಳಿಯ ಹಸಿರೆಲೆಗಳನ್ನೂ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಮೂಸೆಗಳನ್ನು ಒಟ್ಟಿ ಬೆಂಕಿ ಕೊಡುತ್ತಿದ್ದರು. ಗಾಳಿಯಾಡದ ಮೂಸೆಯೊಳಗೆ ಗಿಡ ಸುಟ್ಟು ಇಂಗಾಲವಾಗಿ ಕಬ್ಬಿಣವನ್ನು ಸೇರುತ್ತಿತ್ತು. ಒಡೆದು ನೋಡಿದರೆ ಉಕ್ಕಿನ ಗಟ್ಟಿ. ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ತಂಗಡಿ. ಪಕ್ಕದ ಚನ್ನಪಟ್ಟಣದಲ್ಲಿ ಇಂಥ ಉಕ್ಕಿನಿಂದ ವಾದ್ಯಗಳ ತಂತಿ ಎಳೆಯುತ್ತಿದ್ದರು, ಆ ತಂತಿಗೆ ದೂರದ ಊರುಗಳಲ್ಲೂ ಬೇಡಿಕೆ ಇತ್ತು ಎಂದೂ ಬುಕಾನನ್ ದಾಖಲಿಸಿದ್ದಾನೆ.

ದಕ್ಷಿಣ ಭಾರತದ ಈ ಮೂಸೆ ಉಕ್ಕಿಗೆ ಯುರೋಪಿನವರು ವೂಟ್ಸ್ ಎನ್ನುತ್ತಿದ್ದರು. ಅದರಲ್ಲಿ ಇಂಗಾಲ ಶೇ 1ರಿಂದ 2ರ ನಡುವೆ. ಪಶ್ಚಿಮ ಏಷ್ಯಾದ ಕಮ್ಮಾರರು ಇದನ್ನು ಬಡಿದು, ಮೈಮೇಲೆ ನೀರಿನ ಅಲೆಯಂಥ ಗೆರೆಗಳಿರುವ ಡಮಾಸ್ಕಸ್ ಕತ್ತಿಗಳನ್ನು ಮಾಡಿದರು. 1790ರ ದಶಕದಲ್ಲಿ ಮಾದರಿಗಳು ಲಂಡನ್ ತಲುಪಿದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದರು. ಲಂಡನ್ನಿನ ಹೆಸರಾಂತ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್, ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಯುರೋಪಿನ ಉಕ್ಕಿಗಿಂತ ಇದೇ ಮೇಲು ಎಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಆತನ ಜೊತೆಗೂಡಿ 1819ರ ಸುಮಾರಿಗೆ ಇದರ ಗುಟ್ಟು ಹುಡುಕಲು ಹೊರಟವನು ಬೇರೆ ಯಾರೂ ಅಲ್ಲ, ಮೈಕೆಲ್ ಫ್ಯಾರಡೆ. ಫ್ಯಾರಡೆಯೂ ಕಮ್ಮಾರನ ಮಗ. ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ತಿಗೇ ಗೊತ್ತಾದ ಈ ವಿಜ್ಞಾನಿ ಅದಕ್ಕೂ ಮೊದಲು ತಲೆ ಕೆಡಿಸಿಕೊಂಡದ್ದು ನಮ್ಮ ದೇಶದ ಉಕ್ಕಿನ ಬಗ್ಗೆ.

ಈ ಉಕ್ಕನ್ನು ಬಡಿಯುವುದಕ್ಕೂ ವಿದ್ಯೆ ಬೇಕು. ಹೆಚ್ಚು ಕಾಯಿಸಿದರೆ ಸುತ್ತಿಗೆಯ ಕೆಳಗೆ ಪುಡಿಯಾಗುತ್ತದೆ. ಯುರೋಪಿನ ಕಮ್ಮಾರರು ಸೋತದ್ದು ಅಲ್ಲೇ. 19ನೇ ಶತಮಾನದ ನಡುವೆ ಯಂತ್ರದಲ್ಲಿ ಅಗ್ಗದ ಉಕ್ಕು ಟನ್ನುಗಟ್ಟಲೆ ಬರತೊಡಗಿತು, ಕಾಡಿನ ಇದ್ದಿಲು ಸುಡಲು ನಿರ್ಬಂಧ ಬಿತ್ತು, ಮೂಸೆ ಕುಲುಮೆಗಳು ಒಂದೊಂದಾಗಿ ಆರಿದವು. ಬೆಂಗಳೂರಿನ ವಿದ್ವಾಂಸರಾದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಈ ಉಕ್ಕಿನ ಚರಿತ್ರೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಪುಸ್ತಕ ಉಳಿದಿದೆ, ಮೂಸೆ ಹೂಡುವ ಕೈ ಉಳಿದಿಲ್ಲ. ಒಂದು ವಿದ್ಯೆ ಕಳೆದುಹೋಗುವುದಕ್ಕೆ ಎರಡು ತಲೆಮಾರು ಸಾಕು ಎನ್ನುವುದಕ್ಕೆ ನನ್ನ ಊರೇ ಸಾಕ್ಷಿ.

ಕೊಡಗಿನ ಸೊಂಟದಲ್ಲಿ

ಕತ್ತಿಗೆ ಮರ್ಯಾದೆ ಕೊಡುವುದು ಹೇಗೆಂದು ಕಲಿಯಬೇಕಾದರೆ ಕೊಡವರನ್ನು ನೋಡಬೇಕು. ಜೆ.ಪಿ. ನಗರದ ಆ ಮನೆಯ ಹಿರಿಯರು ಒಂದು ದಿನ ಒಡಿಕತ್ತಿಯನ್ನು ಗೋಡೆಯಿಂದ ಇಳಿಸಿ, ಎರಡೂ ಕೈಯಲ್ಲಿ ನನ್ನ ಕೈಗಿತ್ತರು. ತೂಕ ಪೂರ್ತಿ ಮುಂಭಾಗದಲ್ಲಿ. ಅಲಗು ಒಳಮುಖವಾಗಿ ಬಾಗಿದೆ, ಬಾಯಿ ಇರುವುದು ಒಳಬಾಗಿನಲ್ಲಿ. ಹಿಡಿಯಿಂದ ಮುಂದಕ್ಕೆ ಹೋದಂತೆ ಅಲಗು ಅಗಲವಾಗುತ್ತದೆ. ಬೆನ್ನಿನ ಮೇಲೆ ಸುತ್ತಿಗೆಯ ಹಳೆಯ ಏಟುಗಳು ಬೆರಳಿಗೆ ಈಗಲೂ ಸಿಗುತ್ತವೆ. ಬೀಸಿದಾಗ ಬಾಗಿನ ನಡುವೆ ಏಟು ಬೀಳುವ ಹಾಗೆ ಲೆಕ್ಕ ಹಾಕಿ ಬಡಿದ ಕೆಲಸ. ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ, ಅವರ ಲೆಕ್ಕ ಮಾತ್ರ ಇವತ್ತಿಗೂ ಸರಿಯಾಗಿದೆ.

ಕೊಡವರ ಗಂಡಸರ ಉಡುಗೆ ಕಪ್ಪು ಕುಪ್ಯ, ಮದುಮಗನಿಗೆ ಬಿಳಿಯದು. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ. ಚೇಲೆಯ ಮುಂಭಾಗದಲ್ಲಿ ಸಿಕ್ಕಿಸುವ ಸಣ್ಣ ಬಾಕು ಪೀಚೆಕತ್ತಿ. ಅದರ ಒರೆಗೆ ಬೆಳ್ಳಿಯ ಕಟ್ಟು, ಬೆಳ್ಳಿಯ ಸರಪಳಿ. ಒಡಿಕತ್ತಿಯ ಜಾಗ ಬೆನ್ನಿನ ಕಡೆ. ಅದಕ್ಕೆ ಒರೆ ಇಲ್ಲ. ಸೊಂಟಕ್ಕೆ ಕಟ್ಟಿದ ತೋಡಂಗ್ ಎಂಬ ಲೋಹದ ಕೊಕ್ಕೆಗೆ ಬರಿ ಅಲಗನ್ನೇ ಸಿಕ್ಕಿಸುತ್ತಾರೆ. ಕೈ ಹಿಂದಕ್ಕೆ ಚಾಚಿದರೆ ಹಿಡಿ ಸಿಗಬೇಕು. ಕಾಡಿನ ದಾರಿಯಲ್ಲಿ ನಡೆಯುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇರಲಾರದು. ಉತ್ತರ ಕನ್ನಡದ ತೋಟಗಳಲ್ಲಿ ಸೊಪ್ಪಿಗೆ, ಸೌದೆಗೆ ಹೋಗುವವರು ಸೊಂಟದ ಹಿಂದೆ ಕಟ್ಟಿಕೊಳ್ಳುವ ಕತ್ತಿಕೊಕ್ಕೆಯ ಹಿಂದಿರುವುದೂ ಇದೇ ಯೋಚನೆ.

ಮದುವೆಯಲ್ಲಿ ನೆಟ್ಟ ಬಾಳೆಕಂಬಗಳನ್ನು ಒಡಿಕತ್ತಿಯಿಂದ ಕಡಿಯುವುದು ಕೊಡವರಲ್ಲಿ ದೊಡ್ಡ ಗೌರವ. ಸೆಪ್ಟೆಂಬರ್ ಮೊದಲ ವಾರದಲ್ಲಿ, ಗದ್ದೆಯಲ್ಲಿ ನಾಟಿ ಮುಗಿದ ಮೇಲೆ, ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅಂದು ಕೋವಿ, ಕತ್ತಿಗಳನ್ನು ಒರೆಸಿ ಇಟ್ಟು, ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ಆ ಹೂವನ್ನು ನಾವು ಗೌರಿ ಹೂ ಎನ್ನುತ್ತೇವೆ, ಬೆಂಕಿಯ ನಾಲಿಗೆಯಂಥ ಎಸಳಿನದು. ಕೊಡವ ಭಾಷೆಯನ್ನೇ ಆಡುವ ಐರಿ ಸಮುದಾಯದವರು ಮರ, ಲೋಹಗಳ ಕೆಲಸದಲ್ಲಿ ತಲೆಮಾರುಗಳಿಂದ ಹೆಸರಾದವರು. ಕತ್ತಿ ಹಿಡಿದವರ ಶೌರ್ಯ ಹೇಳುವಾಗ ಕತ್ತಿ ಮಾಡಿದವರ ಹೆಸರನ್ನೂ ಹೇಳಬೇಕು.

ಏಳು ಸಾವಿರ ದ್ವೀಪಗಳ ಕಮ್ಮಾರರು

ನಮ್ಮ ಬೀದಿಯ ಹುಡುಗಿಯೊಬ್ಬಳು ಎಂಬಿಬಿಎಸ್ ಓದಲು ಫಿಲಿಪ್ಪೀನ್ಸಿನ ದಾವಾವೊ ನಗರಕ್ಕೆ ಹೋದಳು. ಅಲ್ಲಿಂದ ಒಂದು ದಿನ ನನಗೆ ವಿಡಿಯೊ ಕಳಿಸಿ, "ಅಂಕಲ್, ಇಲ್ಲೂ ನಿಮ್ಮ ಅಪ್ಪನಂಥವರು ಇದ್ದಾರೆ, ನೋಡಿ," ಅಂದಳು. ತಗಡಿನ ಸೂರಿನ ಕೆಳಗೆ ಇದ್ದಿಲಿನ ಬೆಂಕಿ. ಒಬ್ಬ ಇಕ್ಕಳ ಹಿಡಿದಿದ್ದಾನೆ, ಎದುರು ನಿಂತವನ ಕೈಯಲ್ಲಿ ಸಮ್ಮಟಿಗೆ. ಬೆಂಕಿಯಲ್ಲಿ ಕಾಯುತ್ತಿದ್ದದ್ದು ಹಳೆಯ ವಾಹನದ ಸ್ಪ್ರಿಂಗ್ ಪಟ್ಟಿ! ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಅಲ್ಲಿಯ ಜನ ಉದ್ದ ಮಾಡಿ, ಬಣ್ಣ ಬಳಿದು ಜೀಪ್ನಿ ಎಂಬ ಸವಾರಿ ಗಾಡಿ ಮಾಡಿಕೊಂಡರು. ಅಂಥ ಗಾಡಿ, ಲಾರಿಗಳ ಪಟ್ಟಿಗಳೇ ಅಲ್ಲಿಯ ಕತ್ತಿಗಳಾಗುತ್ತವೆ. ಕಮ್ಮಾರನನ್ನು ಅಲ್ಲಿ ಪಂದಾಯ್ ಅನ್ನುತ್ತಾರೆ.

ಅವರ ಮನೆಮನೆಯ ಕತ್ತಿ ಬೋಲೊ. ತುದಿಯ ಕಡೆ ಅಗಲವಾಗಿ ಉಬ್ಬಿದ, ಮುಂಭಾರದ ಅಲಗು. ತೆಂಗಿನಕಾಯಿ ಒಡೆಯುವುದು, ಬಿದಿರು ಸೀಳುವುದು, ಗಿಡಗಂಟಿ ಸವರುವುದು, ಮಾಂಸ ಕೊಚ್ಚುವುದು ಎಲ್ಲಕ್ಕೂ ಅದೇ. ತೆಂಗಿನ ನಾಡಿನಲ್ಲಿ ಕತ್ತಿ ಹೇಗಿರಬೇಕೋ ಹಾಗಿದೆ. ನಮ್ಮ ಎಳನೀರಿನವರ ಮಚ್ಚಿನ ಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಕೂತು ತೆಂಗಿನಕಾಯಿ ತುರಿಯುವ ಮಣೆಯೂ ಅವರಲ್ಲಿದೆ. ದ್ವೀಪದಿಂದ ದ್ವೀಪಕ್ಕೆ ಬೋಲೊದ ಹೆಸರು, ಆಕಾರ ಬದಲಾಗುತ್ತದೆ. ನಡುವಿನ ವಿಸಾಯಸ್ ದ್ವೀಪಗಳಲ್ಲಿ ಎಷ್ಟೋ ಅಲಗುಗಳಿಗೆ ಒಂದೇ ಮಗ್ಗುಲಲ್ಲಿ ಮಾತ್ರ ಇಳಿಜಾರು, ಇನ್ನೊಂದು ಮಗ್ಗುಲು ಉಳಿಯ ಬೆನ್ನಿನಂತೆ ಚಪ್ಪಟೆ. ಬಿದಿರು ಕೆತ್ತುವಾಗ ಇದು ಮರಕ್ಕೆ ಒಂದೇ ಕೋನದಲ್ಲಿ ಕಚ್ಚಿ ನೇರವಾಗಿ ಹೋಗುತ್ತದೆ. ಹಿಡಿಗೆ ಗಟ್ಟಿ ಮರ ಅಥವಾ ಕೋಣದ ಕೊಂಬು. ಎರಡು ಮರದ ಹಲಗೆಗಳನ್ನು ಜೋಡಿಸಿ, ಬೆತ್ತದಿಂದ ಸುತ್ತಿದರೆ ಒರೆ.

ದಕ್ಷಿಣದ ಮಿಂದನಾವೊ, ಸುಲು ದ್ವೀಪಗಳ ಮುಸ್ಲಿಂ ಸಮುದಾಯಗಳಲ್ಲಿ ಎಲೆಯಾಕಾರದ ಬರೋಂಗ್, ಹಾವಿನಂತೆ ಬಳುಕುವ ಅಲಗಿನ ಕ್ರಿಸ್, ಉದ್ದನೆಯ ಕಂಪಿಲಾನ್ ಮನೆತನದ ಆಸ್ತಿಗಳು. 

ಉತ್ತರದಲ್ಲಿ ಮನಿಲಾದ ದಕ್ಷಿಣಕ್ಕಿರುವ ಬತಂಗಾಸ್ ಪ್ರಾಂತ್ಯದ ತಾಲ್ ಪಟ್ಟಣ ಇನ್ನೊಂದು ಬಗೆಗೆ ಹೆಸರುವಾಸಿ: ಎರಡಾಗಿ ಬಿಚ್ಚುವ ಹಿಡಿಯೊಳಗೆ ಅಲಗು ಅಡಗುವ ಬಾಲಿಸಾಂಗ್ ಚಾಕು.

ಬೋಲೊ ಅವರ ಚರಿತ್ರೆಯಲ್ಲೂ ಇದೆ. 1521ರಲ್ಲಿ ಮಕ್ತಾನ್ ದ್ವೀಪದ ದಡದಲ್ಲಿ ಸ್ಥಳೀಯ ನಾಯಕ ಲಾಪುಲಾಪುವಿನ ಜನ ನಾವಿಕ ಮೆಗೆಲನ್‌ನನ್ನು ಕೊಂದದ್ದು ಬಿದಿರಿನ ಈಟಿ ಮತ್ತು ಕತ್ತಿಗಳಿಂದ. 1896ರಲ್ಲಿ ಸ್ಪೇನಿನ ವಿರುದ್ಧ ದಂಗೆ ಎದ್ದ ಕಾತಿಪುನಾನ್ ಸಂಘಟನೆಯ ರೈತರಲ್ಲಿ ಬಂದೂಕು ಇದ್ದವರು ಕಡಿಮೆ, ಬೋಲೊ ಇದ್ದವರು ಹೆಚ್ಚು. ಹೊಲದ ಕತ್ತಿಯನ್ನೇ ಹಿಡಿದು ಹೊರಟವರು ಅವರು. ಇವತ್ತು ಆ ದೇಶದಲ್ಲಿ ಬೋಲೊ ಹಿಡಿದ ಕ್ರಾಂತಿಕಾರಿ ಆಂದ್ರೆಸ್ ಬೋನಿಫಾಸಿಯೊ ಪ್ರತಿಮೆಗಳು ಊರೂರಲ್ಲಿವೆ.

ನಮ್ಮಲ್ಲಿ ಮಚ್ಚಿಗೆ ಅಂಥ ಅದೃಷ್ಟ ಇಲ್ಲ. 1995ರ 'ಓಂ' ಸಿನಿಮಾದ ನಂತರ ಲಾಂಗು ಮಚ್ಚು ಎಂದರೆ ರೌಡಿಗಳ ಸಾಮಾನು ಎಂಬ ಮಾತು ಗಟ್ಟಿಯಾಯಿತು. ಅಪ್ಪ ಮಾಡಿದ ಮಚ್ಚುಗಳು ತೆಂಗಿನ ಗರಿ ಸವರಿದವು, ಕಬ್ಬು ಕಡಿದವು, ಬಾಣಂತಿಗೆ ಕಾಯಿಸುವ ನೀರಿಗೆ ಸೌದೆ ಒಡೆದವು. 1959ರ ಶಸ್ತ್ರಾಸ್ತ್ರ ಕಾಯ್ದೆ ಕೂಡ ಮನೆಬಳಕೆ, ಬೇಸಾಯಕ್ಕೆಂದೇ ಮಾಡಿದ ಸಾಧನಗಳನ್ನು ಆಯುಧದ ಲೆಕ್ಕಕ್ಕೆ ಹಿಡಿಯುವುದಿಲ್ಲ. ದುಡಿಯುವ ಕತ್ತಿಯ ಮಾನ ಉಳಿಸುವುದು ನಮ್ಮ ಕೈಯಲ್ಲಿದೆ.

ಕೊಳ್ಳುವವರಿಗೆ, ಇಟ್ಟುಕೊಳ್ಳುವವರಿಗೆ

ಹಿಂದೆ ಊರಿನ ಕಮ್ಮಾರ ಆಯಗಾರನಾಗಿದ್ದ. ವರ್ಷವಿಡೀ ಗುಳ, ಕುಡುಗೋಲು ಹಣಿದುಕೊಟ್ಟರೆ ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ರಾಗಿ ಬರುತ್ತಿತ್ತು. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು, ಆಯ ನಿಂತಿತು. ಕುಲುಮೆಯ ಮಕ್ಕಳು ನನ್ನ ಹಾಗೆ ಕಾರ್ಖಾನೆ ಸೇರಿದರು, ವೆಲ್ಡಿಂಗ್ ಅಂಗಡಿ ಇಟ್ಟರು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ ಸಿಗುತ್ತದೆ. ಗೊತ್ತಿರುವ ಕಮ್ಮಾರರಿಗೆ ಇದನ್ನು ತಿಳಿಸಿ. ಆದರೆ ಸಾಲದಿಂದ ಕುಲುಮೆ ಉರಿಯುವುದಿಲ್ಲ, ಗಿರಾಕಿಯಿಂದ ಉರಿಯುತ್ತದೆ.

ಕತ್ತಿ ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ಬೆನ್ನಿನಿಂದ ಬಾಯಿಗೆ ದಪ್ಪ ಒಂದೇ ಸಮನೆ ಇಳಿಯುತ್ತಿದೆಯೇ? ಹಾಗಿದ್ದರೆ ಬಡಿದು ಮಾಡಿದ್ದು. ಇಡೀ ಅಲಗು ಒಂದೇ ದಪ್ಪವಿದ್ದು ಅಂಚು ಮಾತ್ರ ಉಜ್ಜಿದ್ದರೆ ತಗಡು. ಬಾಯಿಗೆ ಅರ ಹಾಕಿ ನೋಡಲು ಬಿಡುತ್ತಾರೆಯೇ? ಹದ ಕೂತ ಬಾಯಿಯ ಮೇಲೆ ಅರ ಸುಲಭಕ್ಕೆ ಕಚ್ಚಬಾರದು, ಬೆನ್ನಿನ ಮೇಲೆ ಕಚ್ಚಬೇಕು. ಹಿಡಿ ಅಲುಗುತ್ತಿಲ್ಲ ತಾನೇ?

ಕೈಯಲ್ಲಿ ಬಡಿದ ಉಕ್ಕಿಗೆ ತುಕ್ಕು ಹಿಡಿಯುತ್ತದೆ ಎಂದು ಹೆದರಬೇಕಿಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುವುದರಿಂದ ಸುಲಭಕ್ಕೆ ತುಕ್ಕು ಹತ್ತದು. ನಮ್ಮದಕ್ಕೆ ಆ ರಕ್ಷೆ ಇಲ್ಲ. ಹುಳಿ, ನಿಂಬೆ ಹೆಚ್ಚಿದ ಕೂಡಲೇ ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಟ್ಟರೆ ಸಾಕು. ಕ್ರಮೇಣ ಮೈ ಬೂದುಗಪ್ಪಾಗುತ್ತದೆ, ಅದು ತುಕ್ಕಲ್ಲ. ನನ್ನ ಅಮ್ಮನ ಈಳಿಗೆ ಮಣೆ ಹೀಗೇ ಕಪ್ಪಾಗಿ ಇಂದಿಗೂ ನಮ್ಮ ಅಡುಗೆಮನೆಯಲ್ಲಿ ದಿನವೂ ಕೆಲಸ ಮಾಡುತ್ತಿದೆ.

ಜಯನಗರ, ಬನಶಂಕರಿಯ ಬೀದಿಗಳಲ್ಲಿ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಸಾಣೆ ಹಿಡಿಯುವವರು ಈಗಲೂ ಬರುತ್ತಾರೆ. ಕೂಗು ಕೇಳಿದರೆ ಕರೆಯಿರಿ. ಒಂದು ಮಾತು ಮಾತ್ರ ಹೇಳಿ: ಒತ್ತಿ ಹಿಡಿಯುವುದು ಬೇಡ, ಬಿಟ್ಟು ಬಿಟ್ಟು ಮುಟ್ಟಿಸಿ, ನಡುನಡುವೆ ನೀರಿಗೆ ಅದ್ದಿ. ಚಕ್ರದ ಬಿಸಿಗೆ ಅಂಚು ನೀಲಿಗೆ ತಿರುಗಿತೆಂದರೆ ಕಮ್ಮಾರ ಹಾಕಿದ ಹದ ಅಲ್ಲಿಗೆ ಇಳಿಯಿತು. ಸಾಣೆ ಮುಗಿದ ಮೇಲೆ ಮನೆಯಲ್ಲಿ ನೀರು ಹಾಕಿದ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಬಾಯಿ ನಯವಾಗುತ್ತದೆ.

ಆಯುಧ ಪೂಜೆಯ ದಿನ ನಾವೆಲ್ಲ ಕಾರು, ಬೈಕು, ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತೇವೆ. ಈ ವರ್ಷ ಹಬ್ಬಕ್ಕೆ ಮೊದಲೇ ಮಾಗಡಿಗೋ, ಕನಕಪುರಕ್ಕೋ, ನಿಮ್ಮದೇ ಊರಿಗೋ ಹೋದಾಗ ಉರಿಯುತ್ತಿರುವ ಕುಲುಮೆ ಕಂಡರೆ ನಿಲ್ಲಿ. ಅಡುಗೆಮನೆಗೆ ಒಂದು ಕತ್ತಿ ಮಾಡಿಸಿಕೊಳ್ಳಿ, ಕೇಳಿದಷ್ಟು ಹಣ ಚೌಕಾಸಿ ಇಲ್ಲದೆ ಕೊಡಿ, ಮೊಂಡಾದಾಗ ಅವರ ಬಳಿಗೇ ಹಣಿಸಲು ಒಯ್ಯಿರಿ. ಮೂಸೆ ಉಕ್ಕಿನ ವಿದ್ಯೆಯನ್ನು ಕಳೆದುಕೊಂಡಿದ್ದೇವೆ, ಹದ ಹಾಕುವ ವಿದ್ಯೆ ಇನ್ನೂ ನಮ್ಮ ನಡುವೆ ಇದೆ. ಅದನ್ನು ಉಳಿಸಿಕೊಳ್ಳಲು ನಿಮ್ಮ ಮನೆಯ ಒಂದು ಕತ್ತಿಯ ಗಿರಾಕಿತನ ಸಾಕು.